ಬ್ರೇಕು ಮೊದಲು, ಬಣ್ಣ ಆಮೇಲೆ

ಮೊನ್ನೆ ಎರಡನೆಯ ಪಾಳಿ ಬಿಡುವ ವೇಳೆಗೆ ನಾವು ಗಿರಣಿಯ ಬಾಗಿಲಲ್ಲಿ ನಿಂತಿದ್ದೆವು. ಒಂದು ಕಾಲಕ್ಕೆ ಅಲ್ಲಿ ಸೈಕಲ್ಲುಗಳ ಸಾಲಿರುತ್ತಿತ್ತು; ಈಗ ಇರುವುದು ಮೋಟಾರು ಸೈಕಲ್ಲುಗಳ ಸಾಲು. ಸುಮ್ಮನೆ ಒಂದೊಂದನ್ನೇ ನೋಡುತ್ತ ನಡೆದೆವು. ಒಂದರ ಮುಂದಿನ ಬ್ರೇಕಿನ ಹಿಡಿ ಹ್ಯಾಂಡಲಿಗೆ ತಾಗುವಷ್ಟು ಸಡಿಲ. ಇನ್ನೊಂದರ ಹಿಂದಿನ ಟೈರು ಬೋಳುತಲೆಯಂತೆ ನುಣುಪು. ಮೂರನೆಯದಕ್ಕೆ ಕನ್ನಡಿಯಿಲ್ಲ, ಹಿಂದೆ ಕೂತವರ ಸೀರೆ ಚಕ್ರಕ್ಕೆ ಸಿಗದಂತೆ ತಡೆಯುವ ಜಾಲರಿಯೂ ಇಲ್ಲ. ಸೈಲೆನ್ಸರು ಮಾತ್ರ ಹೊಚ್ಚ ಹೊಸದು, ಮಲಗಿದ ಊರೇ ಎದ್ದು ಕೂರುವಂತೆ ಕೂಗುವಂಥದು. ಆ ಸೈಲೆನ್ಸರಿಗೆ ಸುರಿದ ದುಡ್ಡಿನಲ್ಲಿ ಒಂದು ಒಳ್ಳೆಯ ಟೈರು ಬರುತ್ತಿತ್ತು.

ಪಕ್ಷದ ವಾರಪತ್ರಿಕೆಗೆ ಫಟಫಟಿಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಅವರಿಗೆ ಸರಕಾರದ ಲೆಕ್ಕವನ್ನೇ ಮುಂದಿಡುತ್ತೇವೆ. 2022ರ ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50,029. ಕಾರಿನಲ್ಲಿ ಕೂತವನಿಗೆ ಸುತ್ತಲೂ ಉಕ್ಕಿನ ಗೋಡೆ. ನಮ್ಮವನಿಗೆ ಮೈಮೇಲಿನ ಅಂಗಿಯೇ ಗೋಡೆ. ಇದು ದುಡಿಯುವವರ ಪ್ರಶ್ನೆಯಲ್ಲದೆ ಮತ್ತಾರ ಪ್ರಶ್ನೆ?

ಕಾರ್ಮಿಕನಿಗೆ ಗಾಡಿ ಷೋಕಿಯ ವಸ್ತುವಲ್ಲ. ಮಗ್ಗದಂತೆ, ತಕ್ಕಡಿಯಂತೆ ಅದೂ ದುಡಿಮೆಯ ಸಲಕರಣೆ. ಗಿರಣಿಯ ಯಂತ್ರಕ್ಕೆ ಎಣ್ಣೆ ಬಿಡಲು, ನಟ್ಟು ಬಿಗಿಯಲು ಒಬ್ಬ ಫಿಟ್ಟರು ಇದ್ದಾನೆ. ಅದೇ ಕಾರ್ಮಿಕನನ್ನು ಮನೆ ಮುಟ್ಟಿಸುವ ಯಂತ್ರವನ್ನು ನೋಡುವವರಾರು? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ನಮ್ಮ ನಾಡಿನ ಕಾರ್ಮಿಕರು ಕಟ್ಟಿದ ಜಾವಾ, ಯೆಜ್ದಿ ಗಾಡಿಗಳಲ್ಲಿ ಎಷ್ಟೋ ಇಂದಿಗೂ ಓಡುತ್ತಿವೆ. ಅವು ಉಳಿದದ್ದು ಕಟ್ಟಿದವರ ಕೈಗುಣದಿಂದ ಮತ್ತು ಇಟ್ಟುಕೊಂಡವರ ಆರೈಕೆಯಿಂದ.

ಮೊದಲು ಬ್ರೇಕಿನ ಮಾತು. ಮುಂದಿನ ಬ್ರೇಕು ಹಿಡಿದರೆ ಗಾಡಿ ಮಗುಚುತ್ತದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅದಕ್ಕೆಂದೇ ಕೇಬಲನ್ನು ಸಡಿಲ ಬಿಟ್ಟು ಓಡಿಸುವವರಿದ್ದಾರೆ. ಇದು ಅಪಾಯಕಾರಿಯಾದ ತಪ್ಪು. ಬ್ರೇಕು ಹಿಡಿದೊಡನೆ ಭಾರವೆಲ್ಲ ಮುಂದಕ್ಕೆ ಸರಿಯುತ್ತದೆ. ಮುಂದಿನ ಟೈರು ನೆಲವನ್ನು ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರವನ್ನೇ ತುಳಿದು ನಿಲ್ಲಿಸಹೊರಟರೆ ಅದು ನಿಂತು ಜಾರುತ್ತದೆ, ಗಾಡಿ ನಿಲ್ಲುವುದಿಲ್ಲ. ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕು. ಹ್ಯಾಂಡಲು ನೆಟ್ಟಗಿರಬೇಕು, ಎರಡೂ ಬ್ರೇಕು ಒಟ್ಟಿಗೆ ಬೀಳಬೇಕು, ಮುಂದಿನದನ್ನು ಗಕ್ಕನೆ ಎಳೆಯದೆ ಒತ್ತುತ್ತ ಒತ್ತುತ್ತ ಬಿಗಿ ಮಾಡಬೇಕು. ಮರಳಿನ ಮೇಲೆ, ತಿರುವಿನಲ್ಲಿ ಗಕ್ಕನೆ ಹಿಡಿದವನು ಬೀಳುತ್ತಾನೆ, ನಿಜ. ಅದು ಕೈಯ ತಪ್ಪು, ಬ್ರೇಕಿನದಲ್ಲ.

ಗಂಟೆಗೆ 60 ಕಿಲೋಮೀಟರು ಓಡುವ ಗಾಡಿ ಒಂದೇ ಸೆಕೆಂಡಿನಲ್ಲಿ ಸುಮಾರು 17 ಮೀಟರು ದಾಟುತ್ತದೆ. ಅಡ್ಡ ಬಂದ ಎಮ್ಮೆಯನ್ನು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಸಾಗುವ ದೂರ ನಾಲ್ಮಡಿಯಾಗುತ್ತದೆ. ಇದು ಯಾರೂ ತಿದ್ದಲಾಗದ ಲೆಕ್ಕ. ಆದರೆ ಸವೆದ ಬ್ರೇಕ್ ಶೂ ಬದಲಿಸುವುದು ನಮ್ಮ ಕೈಯಲ್ಲಿದೆ. ಡ್ರಮ್ ಬ್ರೇಕಿನ ಬಹಳ ಗಾಡಿಗಳಲ್ಲಿ ಹೊರಗಡೆ ಒಂದು ಬಾಣದ ಗುರುತಿರುತ್ತದೆ. ಬ್ರೇಕನ್ನು ಪೂರ್ತಿ ಒತ್ತಿದಾಗ ಆ ಬಾಣ ಡ್ರಮ್ಮಿನ ಮೇಲಿನ ಗೀಟಿಗೆ ಬಂದು ಕೂಡಿದರೆ ಶೂ ಮುಗಿಯಿತೆಂದು ಅರ್ಥ. ಆಮೇಲೂ ನಟ್ಟು ಬಿಗಿಮಾಡಿಕೊಂಡು ದಿನ ದೂಡುವುದು ಸಾವಿನೊಡನೆ ಚೌಕಾಸಿ ಮಾಡಿದಂತೆ. ಒಂದು ಜೊತೆ ಶೂಗೆ ಒಂದು ದಿನದ ಕೂಲಿಯೂ ಬೇಕಾಗದು.

ಎರಡನೆಯದು ಟೈರು. ಟೈರಿನ ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ಗುಬುಟುಗಳಿರುತ್ತವೆ. ಮೇಲಿನ ರಬ್ಬರು ಸವೆದು ಆ ಗುಬುಟಿನ ಮಟ್ಟಕ್ಕೆ ಬಂದರೆ ಮಳೆಯಲ್ಲಿ ಆ ಟೈರನ್ನು ನಂಬುವಂತಿಲ್ಲ. ಗಾಳಿಯನ್ನು ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ ಹಿಡಿಸಬೇಕು. ಒಬ್ಬರಿಗೆಷ್ಟು, ಇಬ್ಬರಿಗೆಷ್ಟು ಎಂಬುದು ಗಾಡಿಯೊಡನೆ ಬಂದ ಪುಸ್ತಕದಲ್ಲಿದೆ. ಕಣ್ಣಿಗೆ ದೊಡ್ಡದಾಗಿ ಕಾಣಲೆಂದು ಸಣ್ಣ ರಿಮ್ಮಿಗೆ ಅಗಲದ ಟೈರು ಹಾಕಿಸುವ ಚಾಳಿ ಹಬ್ಬಿದೆ. ಹಾಗೆ ತುರುಕಿದ ಟೈರು ತನ್ನ ಆಕಾರ ಕೆಡಿಸಿಕೊಂಡು, ತಿರುವಿನಲ್ಲಿ ಮಾಲುವ ಗಾಡಿಯನ್ನು ಮೊಂಡು ಮಾಡುತ್ತದೆ. ತಯಾರಕ ಹೇಳಿದ ಅಳತೆಯ, ಒಳ್ಳೆಯ ಗೆರೆಯ ಟೈರಿಗಿಂತ ದೊಡ್ಡ ಸುಧಾರಣೆ ಬೇರೊಂದಿಲ್ಲ.

ಗಾಡಿ ಮಾತು ಕೇಳುತ್ತಿಲ್ಲ, ಎಳೆಯುತ್ತದೆ, ನಡುಗುತ್ತದೆ ಎಂದು ದೂರುವವರು ಭಾನುವಾರ ಒಂದು ಪರೀಕ್ಷೆ ಮಾಡಲಿ. ನಡುವಿನ ಸ್ಟ್ಯಾಂಡು ಹಾಕಿ ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ ಹ್ಯಾಂಡಲನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಲಿ. ನಟ್ಟನಡುವೆ ತಡೆದು ನಿಂತಂತಾದರೆ ಕೋನ್ ಸೆಟ್ ಸವೆದಿದೆ. ಫೋರ್ಕಿನ ಬುಡ ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಟಕ್ ಎಂದರೆ ಅದು ಸಡಿಲವಾಗಿದೆ. ಹಿಂದಿನ ಚಕ್ರವನ್ನು ಅಡ್ಡಡ್ಡ ಅಲುಗಿಸಿದಾಗ ಆಡಿದರೆ ಬೇರಿಂಗನ್ನೋ ಸ್ವಿಂಗ್ ಆರ್ಮಿನ ಬುಷ್ಷನ್ನೋ ನೋಡಿಸಬೇಕು. ಚೈನು ಜೋತು ಬೀಳಬಾರದು, ತಂತಿಯಂತೆ ಬಿಗಿಯಾಗಿಯೂ ಇರಬಾರದು. ಇದಕ್ಕೆಲ್ಲ ಅರ್ಧ ಗಂಟೆ ಸಾಕು.

ನಮ್ಮ ಸಣ್ಣ ವ್ಯಾಪಾರಸ್ಥರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕಾಗಿದೆ. ಹಾಲಿನ ಕ್ಯಾನು, ತರಕಾರಿ ಚೀಲ, ಬಟ್ಟೆಯ ಗಂಟು ಇವೆಲ್ಲ ಗಾಡಿಯ ಬಾಲಕ್ಕೆ ನೇತುಬಿದ್ದಷ್ಟೂ ಮುಂದಿನ ಚಕ್ರ ನೆಲದ ಹಿಡಿತ ಕಳೆದುಕೊಳ್ಳುತ್ತದೆ, ಹ್ಯಾಂಡಲು ಆಡತೊಡಗುತ್ತದೆ. ಹೇರು ತಗ್ಗಿನಲ್ಲಿರಲಿ, ಸೀಟಿಗೆ ಒತ್ತಿಕೊಂಡಿರಲಿ, ಎರಡೂ ಮಗ್ಗುಲಿಗೆ ಸಮನಾಗಿರಲಿ. ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗಿಗೆ ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಒಂದು ಬಳೆ ಇರುತ್ತದೆ. ಹೇರು ಇದ್ದಾಗ ಅದನ್ನು ಗಟ್ಟಿಗೆ ತಿರುಗಿಸಿ, ಇಳಿಸಿದ ಮೇಲೆ ಹಿಂದಕ್ಕೆ ತನ್ನಿ. ಗಾಡಿ ಕೊಂಡ ದಿನದಿಂದ ಇದನ್ನು ಮುಟ್ಟಿಯೇ ನೋಡದವರು ನಮ್ಮಲ್ಲಿ ಬಹಳ ಮಂದಿ.

ಮಾರ್ಪಾಟೇ ಬೇಡವೆಂದು ನಾವು ಹೇಳುವುದಿಲ್ಲ. ಹಿಂದೆ ಕೆಂಪು ಬೆಳಕು ತಿರುಗಿಸುವ ಪಟ್ಟಿ ಅಂಟಿಸಿ. ಕೆಟ್ಟು ನಿಂತ ಲಾರಿಯಂತೆ ಕತ್ತಲಲ್ಲಿ ಕಾಣದೆ ಹೋಗಬೇಡಿ. ಎರಡೂ ಕನ್ನಡಿ ಇಟ್ಟುಕೊಳ್ಳಿ. ಆದರೆ ಮಾಮೂಲಿ ಬಲ್ಬಿಗೆಂದು ಮಾಡಿದ ದೀಪದೊಳಗೆ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ತುರುಕಿದರೆ ಎದುರು ಬರುವ ನಮ್ಮಂಥ ಇನ್ನೊಬ್ಬ ಕಾರ್ಮಿಕನೇ ಕುರುಡಾಗುತ್ತಾನೆ. ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡಲು ಜಾಗ, ಚಕ್ರದ ಅರ್ಧವನ್ನಾದರೂ ಮುಚ್ಚುವ ತಡೆ ಇರತಕ್ಕದ್ದೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಅಂದಕ್ಕೆಂದು ಆ ಜಾಲರಿಯನ್ನು ಕಿತ್ತೆಸೆಯುವವನು ಹಿಂದೆ ಕೂರುವ ಅಕ್ಕತಂಗಿಯರ ಸೀರೆಯ ಸೆರಗನ್ನು ನೆನೆಯಲಿ. ಕಾಯಿದೆಯೂ ಸುಮ್ಮನಿಲ್ಲ. ನೋಂದಣಿಯಲ್ಲಿರುವ ವಿವರ ತಯಾರಕನ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಬಾರದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಬದಲಾವಣೆಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ.

ಇಷ್ಟು ಹೇಳಿ ತಪ್ಪನ್ನೆಲ್ಲ ಸವಾರನ ತಲೆಗೆ ಕಟ್ಟಿದರೆ ನಾವು ಅರ್ಧ ಸತ್ಯ ನುಡಿದಂತೆ. ಚಕ್ರ ನಿಂತು ಜಾರದಂತೆ ಕಾಯುವ ಎಬಿಎಸ್ ಎಂಬ ಬ್ರೇಕನ್ನು 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಕಡ್ಡಾಯ ಮಾಡಿದರು. ಯಾವ ಗಾಡಿಗೆ? 125 ಸಿಸಿ ಮೀರಿದ್ದಕ್ಕೆ. ಅದಕ್ಕಿಂತ ಸಣ್ಣದಕ್ಕೆ ಎರಡು ಬ್ರೇಕನ್ನು ಒಟ್ಟಿಗೆ ಹಿಡಿಸುವ ಸಿಬಿಎಸ್ ಸಾಕೆಂದರು. ಕಾರ್ಮಿಕ ಕೊಳ್ಳುವುದು ಯಾವುದನ್ನು? 100 ಸಿಸಿ, 110 ಸಿಸಿ ಗಾಡಿಯನ್ನು. ಎಲ್ಲ ಗಾಡಿಗೂ ಎಬಿಎಸ್ ಬೇಕೆಂಬ ಕರಡು ಹೊರಬರಲು 2025ರ ಜೂನ್ ಆಗಬೇಕಾಯಿತು. ಆ ನಡುವಣ ಆರು ವರ್ಷ ಬಡವನ ಎಲುಬು ಅಷ್ಟು ಅಗ್ಗವಾಗಿತ್ತೆ? ಅಂದು ಬಿಕರಿಯಾದ ಗಾಡಿಗಳು ಇಂದೂ ನಮ್ಮ ಗಿರಣಿಯ ಬಾಗಿಲಲ್ಲೇ ನಿಂತಿವೆ. ಅವುಗಳ ಸವಾರನಿಗೆ ಸರಿಯಾದ ಶೂ, ಸರಿಯಾದ ಟೈರು, ಕಲಿತ ಕೈ ಇವೇ ಎಬಿಎಸ್.

ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನು, ಕೆಲಸಕ್ಕೂ ಅದಕ್ಕೂ ಸಂಬಂಧ ಕಂಡುಬಂದರೆ, ಕೆಲಸದ ಅಪಘಾತವೆಂದೇ ಎಣಿಸಬೇಕೆಂದು 2010ರಲ್ಲಿ ಇ.ಎಸ್.ಐ. ಕಾಯಿದೆಗೆ ತಿದ್ದುಪಡಿ ತಂದರು. ಅಂದರೆ ದಾರಿಯೂ ದುಡಿಮೆಯ ಭಾಗವೆಂದು ಒಪ್ಪಿದಂತಾಯಿತು. ಹಾಗಿದ್ದ ಮೇಲೆ ಮಾಲೀಕರು ಬರಿಯ ನೋಡುಗರಾಗಿ ಉಳಿಯುವುದು ಹೇಗೆ? ಗಾಡಿ ನಿಲ್ಲಿಸುವಲ್ಲಿ ಒಂದು ದೀಪ, ಒಂದು ಗಾಳಿಯ ಪಂಪು, ತಿಂಗಳಿಗೊಮ್ಮೆ ಒಬ್ಬ ಫಿಟ್ಟರ ತಪಾಸಣೆ ಇವನ್ನು ಒದಗಿಸಲು ಲಾಭದಲ್ಲಿ ಎಷ್ಟು ಪಾಲು ಹೋದೀತು? ಎಲ್ಲಕ್ಕಿಂತ ಮಿಗಿಲಾಗಿ, ಎರಡು ಪಾಳಿ ಒಂದೇ ಸಮನೆ ದುಡಿಸಿ ನಿದ್ದೆಗಣ್ಣಿನ ಮನುಷ್ಯನನ್ನು ನಡುರಾತ್ರಿ ಗಾಡಿ ಹತ್ತಿಸುವುದು ನಿಲ್ಲಬೇಕು. ನಿದ್ದೆಗೆ ಯಾವ ಬ್ರೇಕೂ ಇಲ್ಲ. ಪುರಸಭೆಯವರು ತಿರುವಿನಲ್ಲಿ ಬಿದ್ದ ಮರಳು ಗುಡಿಸಲಿ, ಹಂಪಿಗೆ ಬಿಳಿ ಪಟ್ಟೆ ಬಳಿಸಲಿ. ಗಾಡಿ ಕೊಳ್ಳುವಾಗ ತಯಾರಕನೇ ಹೆಲ್ಮೆಟ್ ಒದಗಿಸಬೇಕೆಂಬ ನಿಯಮವಿದೆ. ಕೊಳ್ಳುವವರು ಅದನ್ನು ಕೇಳಿ ಪಡೆಯಲಿ, ಐಎಸ್‌ಐ ಗುರುತು ನೋಡಿ ಪಡೆಯಲಿ.

ಅವರು ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಕಾರ್ಮಿಕ ಸಂಘವೂ ವ್ಯಾಪಾರಸ್ಥರ ಸಂಘವೂ ಸೇರಿ ತಿಂಗಳಿಗೊಂದು ಭಾನುವಾರ, ನಮ್ಮ ಬೀದಿಯ ಮೇಸ್ತ್ರಿಗಳನ್ನೇ ಕರೆದು, ಬ್ರೇಕು, ಟೈರು, ದೀಪ ಇಷ್ಟನ್ನೇ ನೋಡುವ ಶಿಬಿರ ನಡೆಸಬಹುದು. ಶೂಗಳನ್ನು ಸಗಟಿನಲ್ಲಿ ತರಿಸಿದರೆ ಬೆಲೆಯೂ ಇಳಿದೀತು, ಖೋಟಾ ಮಾಲಿನ ಕಾಟವೂ ತಪ್ಪೀತು. ಸಂಘಗಳು ಮುಂದೆ ಬರಲೆಂದು ನಾವು ಒತ್ತಾಯಿಸುತ್ತೇವೆ. ಅಷ್ಟರೊಳಗೆ ಈ ಅಂಕಣ ಓದಿದವರು ಒಂದು ಕೆಲಸ ಮಾಡಲಿ: ನಾಳೆ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು ಮುಂದಿನ ಬ್ರೇಕಿನ ಹಿಡಿಯನ್ನು ಒಮ್ಮೆ ಒತ್ತಿ ನೋಡಲಿ.