ಎಣಿಕೆ ಮತ್ತು ನುಡಿ: ಪ್ರಾದೇಶಿಕ ಅಧ್ಯಯನದ ಪದವಿಯನ್ನು ಕುರಿತು

ಒಂದು ಪ್ರದೇಶವನ್ನು ಅದರ ಭಾಷೆ, ಚರಿತ್ರೆ, ಸಾಹಿತ್ಯ ಮತ್ತು ಸಾಮಾಜಿಕ ರಚನೆಗಳ ಒಟ್ಟಂದದಲ್ಲಿ ಅರಿಯುವ ಜ್ಞಾನಶಾಖೆಯನ್ನು ಪ್ರಾದೇಶಿಕ ಅಧ್ಯಯನ ಎಂದು ಕರೆಯಲಾಗುತ್ತದೆ. ಇದರ ಹುಟ್ಟು ಕೇವಲ ಜ್ಞಾನದ ಹಂಬಲದಿಂದ ಆದುದಲ್ಲ. ಲಂಡನ್ನಿನಲ್ಲಿ 1916ರಲ್ಲಿ ಸ್ಥಾಪನೆಯಾದ ಪ್ರಾಚ್ಯ ಅಧ್ಯಯನ ಸಂಸ್ಥೆಗೆ ಸಾಮ್ರಾಜ್ಯದ ಆಡಳಿತಕ್ಕೆ ಬೇಕಾದ ಭಾಷಾಜ್ಞರನ್ನು ಸಿದ್ಧಪಡಿಸುವ ಉದ್ದೇಶವಿತ್ತು. ಅಮೆರಿಕದ 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯು ಶೀತಲ ಸಮರದ ಅಗತ್ಯಗಳಿಗಾಗಿ ಅನ್ಯಭಾಷೆಗಳ ಕಲಿಕೆಗೆ ಅನುದಾನ ಒದಗಿಸಿತು. ಆಳುವವರ ಅಗತ್ಯದಿಂದ ಬೆಳೆದ ಈ ಶಿಸ್ತನ್ನು ಆಯಾ ಪ್ರದೇಶದವರೇ ಕೈಗೆತ್ತಿಕೊಂಡಾಗ ಅದರ ವಿಧಾನ ಯಾವುದಾಗಿರಬೇಕು ಎಂಬುದು ಇಲ್ಲಿನ ಪ್ರಶ್ನೆ.

1990ರ ದಶಕದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಈ ಬಗ್ಗೆ ತೀವ್ರ ವಾಗ್ವಾದ ನಡೆಯಿತು. ರಾಬರ್ಟ್ ಬೇಟ್ಸ್ ಮೊದಲಾದ ರಾಜ್ಯಶಾಸ್ತ್ರಜ್ಞರು ಪ್ರಾದೇಶಿಕ ತಜ್ಞತೆ ಮತ್ತು ಸಾಮಾನ್ಯ ಸಿದ್ಧಾಂತಗಳ ನಡುವಿನ ಬಿರುಕನ್ನು ಚರ್ಚೆಗೆ ತಂದರು. ಒಂದು ಕಡೆ ಪ್ರದೇಶದ ಭಾಷೆ ಬಲ್ಲವರು, ಇನ್ನೊಂದು ಕಡೆ ಅಂಕಿಅಂಶ ಬಲ್ಲವರು ಎಂಬ ವಿಭಜನೆ ಆಗ ಸ್ಪಷ್ಟವಾಗಿ ಗೋಚರಿಸಿತು. ಬ್ರಿಟನ್ನಿನಲ್ಲಿ 2013ರಲ್ಲಿ ಆರಂಭವಾದ ‘ಕ್ಯು-ಸ್ಟೆಪ್’ ಯೋಜನೆಯು ಸಮಾಜವಿಜ್ಞಾನದ ಪದವೀಧರರಲ್ಲಿ ಕಂಡುಬಂದ ಸಂಖ್ಯಾ ಕೌಶಲದ ಕೊರತೆಯನ್ನು ತುಂಬಲು ಹೊರಟಿತು. ಅದಕ್ಕಾಗಿ 1 ಕೋಟಿ 95 ಲಕ್ಷ ಪೌಂಡುಗಳನ್ನು ಮೀಸಲಿಟ್ಟು 15 ವಿಶ್ವವಿದ್ಯಾಲಯಗಳಲ್ಲಿ ಕೇಂದ್ರಗಳನ್ನು ತೆರೆಯಲಾಯಿತು. ಸಂಖ್ಯಾವಿಧಾನವನ್ನು ಬೇರೊಂದು ವಿಭಾಗದ ಸೊತ್ತಾಗಿ ಬಿಡದೆ ಮೂಲ ವಿಷಯದ ಪದವಿಯೊಳಗೇ ಬೆಸೆಯಬೇಕೆಂಬ ಈ ಆಲೋಚನೆ ಕನ್ನಡ ಮತ್ತು ಕರ್ನಾಟಕ ಅಧ್ಯಯನಗಳ ಸಂದರ್ಭದಲ್ಲಿಯೂ ಪರಿಶೀಲನೆಗೆ ಅರ್ಹವಾಗಿದೆ.

ಇಂತಹ ಬೆಸುಗೆ ದಕ್ಷಿಣ ಭಾರತದ ಅಧ್ಯಯನಕ್ಕೆ ಹೊಸದಲ್ಲ. ಸ್ಕಾರ್ಲೆಟ್ ಎಪ್ಸ್ಟೀನ್ ಅವರು 1950ರ ದಶಕದ ಮಧ್ಯಭಾಗದಲ್ಲಿ ಮಂಡ್ಯ ಪರಿಸರದ ಎರಡು ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ನಡೆಸಿ ಅವುಗಳಿಗೆ ‘ವಂಗಲ’ ಮತ್ತು ‘ದಳೇನ’ ಎಂಬ ಕಲ್ಪಿತ ಹೆಸರುಗಳನ್ನಿತ್ತರು. ನಾಲೆಯ ನೀರು ದೊರೆತ ವಂಗಲ ಕೃಷಿಯಲ್ಲಿಯೇ ನಿಂತು ಹಳೆಯ ಸಾಮಾಜಿಕ ಕಟ್ಟನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ನೀರು ಹರಿಯದ ದಳೇನ ಪಟ್ಟಣದ ಕಡೆ ಮುಖ ಮಾಡಿ ಹೆಚ್ಚಿನ ಪರಿವರ್ತನೆಗೆ ಒಳಗಾಯಿತು. 1962ರಲ್ಲಿ ಪ್ರಕಟವಾದ ಈ ತೀರ್ಮಾನದ ಹಿಂದೆ ಮನೆಮನೆಯ ಆದಾಯ ವೆಚ್ಚಗಳ ಲೆಕ್ಕವೂ ಇತ್ತು, ಹಳ್ಳಿಯಲ್ಲಿ ನೆಲೆಸಿ ಪಡೆದ ತಿಳಿವಳಿಕೆಯೂ ಇತ್ತು. ಜಪಾನಿನ ವಿದ್ವಾಂಸ ನೊಬೊರು ಕರಾಶಿಮಾ ಅವರು ವೈ. ಸುಬ್ಬರಾಯಲು ಮತ್ತು ತೊರು ಮತ್ಸುಯಿ ಅವರೊಡನೆ 1978ರಲ್ಲಿ ಚೋಳ ಶಾಸನಗಳ ಹೆಸರುಗಳ ಕೋಶವನ್ನು ಸಿದ್ಧಪಡಿಸಿದರು. ಕನ್ನಡದ ‘ಒಡೆಯ’ನಿಗೆ ಸಂವಾದಿಯಾದ ‘ಉಡೈಯಾನ್’ ಮೊದಲಾದ ಪದಗಳು ಯಾವ ಕಾಲದಲ್ಲಿ, ಯಾವ ನಾಡಿನಲ್ಲಿ, ಎಷ್ಟು ಬಾರಿ ಬರುತ್ತವೆ ಎಂಬ ಎಣಿಕೆಯಿಂದ ಭೂ ಒಡೆತನದ ಸ್ವರೂಪವನ್ನು ಚರ್ಚಿಸುವುದು ಸಾಧ್ಯವಾಯಿತು. ತಮಿಳು ಬಾರದವರಿಗೆ ಆ ಪದ ಎಣಿಸತಕ್ಕದ್ದೆಂದು ತೋರುತ್ತಿರಲಿಲ್ಲ. ಎಣಿಸಲು ಬಾರದವರಿಗೆ ಅದು ಬಿಡಿ ಶಾಸನಗಳ ಒಂದು ಪದವಾಗಿಯೇ ಉಳಿಯುತ್ತಿತ್ತು. 1886ರಿಂದ ಬೆಳಕಿಗೆ ಬಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳು ಕನ್ನಡದ ವಿದ್ಯಾರ್ಥಿಗಳಿಗೂ ಇಂತಹದೇ ಅವಕಾಶವನ್ನು ತೆರೆದಿಟ್ಟಿವೆ.

ಸಂಖ್ಯೆ ಎಂಬುದು ಭಾಷೆಯಿಂದ ಹೊರತಾದ ನಿಷ್ಪಕ್ಷಪಾತ ಸತ್ಯವೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಎಣಿಸುವುದಕ್ಕೆ ಮೊದಲು ಹೆಸರಿಡಬೇಕಾಗುತ್ತದೆ. 2001ರ ಜನಗಣತಿಯಲ್ಲಿ ‘ಕೂರ್ಗಿ/ಕೊಡಗು’ ಎಂಬ ಶೀರ್ಷಿಕೆಯಡಿ 1,66,187 ಜನರು ದಾಖಲಾಗಿದ್ದರು; 2011ರಲ್ಲಿ ಆ ಸಂಖ್ಯೆ 1,13,857ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಶೇ. 31ಕ್ಕೂ ಮಿಕ್ಕಿದ ಈ ಕುಸಿತ ನುಡಿಯ ಅಳಿವನ್ನು ಹೇಳುತ್ತದೆಯೇ, ಅಥವಾ ಉತ್ತರ ಕೊಟ್ಟವರ ಹಾಗೂ ಬರೆದುಕೊಂಡವರ ಆಯ್ಕೆಯನ್ನು ಹೇಳುತ್ತದೆಯೇ? ಕೊಡವ ತಕ್ಕ್ ಕೊಡವರಲ್ಲದ ಇತರ ಕೆಲವು ಸಮುದಾಯಗಳ ಮನೆಮಾತೂ ಆಗಿದೆ ಎಂಬುದನ್ನು ಬಲ್ಲವರು ಮಾತ್ರ ಈ ಪ್ರಶ್ನೆಯನ್ನು ಸರಿಯಾಗಿ ಕೇಳಬಲ್ಲರು. ಉತ್ತರವನ್ನು ಕಂಡುಕೊಳ್ಳಲು ಅವರಿಗೆ ವಯೋಮಾನವಾರು, ತಾಲ್ಲೂಕುವಾರು ಹೋಲಿಕೆ ಮಾಡುವ ತರಬೇತಿಯೂ ಬೇಕು.

‘ಗುಳೆ’ ಎಂಬ ಪದದ ಸ್ಥಿತಿಯೂ ಹೀಗೆಯೇ. ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ, ಮಕ್ಕಳನ್ನು ಕಟ್ಟಿಕೊಂಡು ದುಡಿಮೆಗಾಗಿ ಊರು ಬಿಟ್ಟು, ಮಳೆಗಾಲಕ್ಕೆ ಮರಳುವ ಕುಟುಂಬಗಳ ಬದುಕನ್ನು ಈ ಪದ ಹಿಡಿದಿಡುತ್ತದೆ. ‘ವಲಸೆ’ ಎಂಬ ಅಧಿಕೃತ ಪದಕ್ಕೆ ಆ ಅರ್ಥವಿಲ್ಲ. 2011ರ ಜನಗಣತಿಯ ಎಣಿಕೆ ನಡೆದುದು ಫೆಬ್ರವರಿಯಲ್ಲಿ, ಅಂದರೆ ಗುಳೆಯ ಕಾಲದಲ್ಲಿ. ಎಣಿಕೆಯ ಅವಧಿಯುದ್ದಕ್ಕೂ ಊರಿನಲ್ಲಿಲ್ಲದವರು ಆ ಊರಿನ ಲೆಕ್ಕಕ್ಕೆ ಸೇರುವುದಿಲ್ಲ. ಹೀಗಿರುವಾಗ ಕೋಷ್ಟಕದಲ್ಲಿ ಕಾಣುವ ಹಳ್ಳಿಗೂ ಶಾಲೆಯ ಹಾಜರಿಯಲ್ಲಿ ಕಾಣುವ ಹಳ್ಳಿಗೂ ಅಂತರವಿರುವುದು ಸಹಜ. ಆ ಅಂತರವನ್ನು ಗುರುತಿಸಬಲ್ಲ ಸಂಶೋಧಕನಿಗೆ ಪದವೂ ತಿಳಿದಿರಬೇಕು, ಕೋಷ್ಟಕವೂ ತಿಳಿದಿರಬೇಕು.

ಇದರ ಮತ್ತೊಂದು ಮುಖವೂ ಗಮನಾರ್ಹ. ಪ್ರಾದೇಶಿಕ ಅಸಮತೋಲನದ ಚರ್ಚೆ ಕನ್ನಡದ ಸಾಂಸ್ಕೃತಿಕ ಬರವಣಿಗೆಯಲ್ಲಿ ಬಹುಪಾಲು ಅನುಭವ ಮತ್ತು ಆಕ್ರೋಶಗಳ ನೆಲೆಯಲ್ಲಿ ನಡೆದಿದೆ. ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯು 35 ಸೂಚಕಗಳ ಆಧಾರದ ಮೇಲೆ ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 59 ಉತ್ತರ ಕರ್ನಾಟಕದವು, 55 ದಕ್ಷಿಣ ಕರ್ನಾಟಕದವು. ಇಷ್ಟನ್ನೇ ಓದಿದವರಿಗೆ ಎರಡೂ ಭಾಗಗಳ ಸ್ಥಿತಿ ಸಮಾನವೆಂದು ತೋರಬಹುದು. ಆದರೆ ‘ಅತ್ಯಂತ ಹಿಂದುಳಿದ’ 39 ತಾಲ್ಲೂಕುಗಳಲ್ಲಿ 26 ಉತ್ತರದವು. ಅವುಗಳಲ್ಲಿಯೂ 21 ತಾಲ್ಲೂಕುಗಳು ಒಟ್ಟು 31 ತಾಲ್ಲೂಕುಗಳಿದ್ದ ಗುಲಬರ್ಗಾ ವಿಭಾಗವೊಂದಕ್ಕೇ ಸೇರಿದ್ದವು. ಗೆರೆಯನ್ನು ಎಲ್ಲಿ ಎಳೆಯಲಾಗಿದೆ ಎಂಬುದರ ಮೇಲೆ ವಾದದ ಸ್ವರೂಪವೇ ಬದಲಾಗುತ್ತದೆ. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯಂತಹ ಕ್ರಮಗಳು ಉದ್ಯೋಗ ಮತ್ತು ಶಿಕ್ಷಣದ ಅವಕಾಶಗಳನ್ನು ನೇರವಾಗಿ ತಟ್ಟುತ್ತವೆ. ಅಂತಹ ಕ್ರಮಗಳ ಹಿಂದಿನ ಅಂಕಿಗಳನ್ನು ಓದಲಾರದವರು ಒಪ್ಪಲೂ ಆಗದೆ, ನಿರಾಕರಿಸಲೂ ಆಗದೆ ಪ್ರೇಕ್ಷಕರಾಗಿ ಉಳಿಯಬೇಕಾಗುತ್ತದೆ.

ಸಂಖ್ಯಾವಿಧಾನದ ಪ್ರವೇಶವನ್ನು ವಿರೋಧಿಸುವವರ ಆತಂಕ ನಿರಾಧಾರವೇನಲ್ಲ. ಜನಗಣತಿ ವಸಾಹತುಶಾಹಿ ಆಡಳಿತದ ಉಪಕರಣವಾಗಿತ್ತು. ಅದು ಜಾತಿ ಮತ್ತು ಭಾಷೆಗಳ ಗಡಿಗಳನ್ನು ಬಿಗಿಗೊಳಿಸಿತೆಂಬ ವಿಮರ್ಶೆಯಲ್ಲಿ ಹುರುಳಿದೆ. ಕಾವ್ಯದ ಅನುಭವವನ್ನು ಸರಾಸರಿಗೆ ಇಳಿಸಲಾಗದು ಎಂಬುದೂ ನಿಜ. ಪಠ್ಯಕ್ರಮದಲ್ಲಿ ಹೊಸ ಪತ್ರಿಕೆ ಬಂದರೆ ಹಳಗನ್ನಡದ ಓದಿಗೆ ಸಿಗುವ ಅವಧಿ ಕುಗ್ಗೀತೆಂಬ ಶಂಕೆ ಎಲ್ಲಕ್ಕಿಂತ ಗಂಭೀರವಾದುದು. ಭಾಷೆಯ ಪಾಠವನ್ನು ಕಡಿತಗೊಳಿಸಿ ಸಂಖ್ಯಾಶಾಸ್ತ್ರವನ್ನು ತರುವುದಾದರೆ ಆ ಪದವಿಗೆ ಅರ್ಥವೇ ಉಳಿಯುವುದಿಲ್ಲ. ಆದರೆ ವರ್ಗೀಕರಣದ ರಾಜಕಾರಣವನ್ನು ಬಯಲಿಗೆಳೆಯಬೇಕಾದವರು ವರ್ಗೀಕರಣ ನಡೆಯುವ ಬಗೆಯನ್ನು ಅರಿತಿರಲೇಬೇಕು. ದೂರ ನಿಂತು ಮಾಡುವ ವಿಮರ್ಶೆ ಲೆಕ್ಕವನ್ನು ತಿದ್ದುವುದಿಲ್ಲ.

ಈ ದೃಷ್ಟಿಯಿಂದ ಪ್ರಾದೇಶಿಕ ಅಧ್ಯಯನದ ಪದವಿಯಲ್ಲಿ ಸಂಖ್ಯಾವಿಧಾನವನ್ನು ಸೂತ್ರಗಳ ಪಟ್ಟಿಯಾಗಿ ಬೋಧಿಸದೆ ಸ್ಥಳೀಯ ಸಾಮಗ್ರಿಯ ಮೂಲಕ ಬೋಧಿಸುವುದು ಉಚಿತ. ಒಂದು ತಾಲ್ಲೂಕಿನ ಶಾಸನಗಳಿಂದ ದಾನದ ಪ್ರಮಾಣಗಳನ್ನು ಕೋಷ್ಟಕಕ್ಕೆ ಇಳಿಸುವುದು, ಒಂದು ಉಪಭಾಷೆಯ ರೂಪಭೇದಗಳನ್ನು ವಯಸ್ಸು ಮತ್ತು ಶಿಕ್ಷಣದೊಡನೆ ಹೋಲಿಸುವುದು, ಒಂದು ಹಳ್ಳಿಯ ಮನೆಗಳ ಮಾದರಿ ಸಮೀಕ್ಷೆ ನಡೆಸಿ ಅದನ್ನು ಜನಗಣತಿಯೊಡನೆ ಒರೆಹಚ್ಚುವುದು ಇತ್ಯಾದಿ ಅಭ್ಯಾಸಗಳಿಂದ ಸರಾಸರಿ, ಮಾದರಿ, ಸಹಸಂಬಂಧ ಮೊದಲಾದ ಪರಿಕಲ್ಪನೆಗಳು ಸಾಹಿತ್ಯದ ವಿದ್ಯಾರ್ಥಿಗೂ ಎಟುಕುತ್ತವೆ. ಇದಕ್ಕೆ ಕನ್ನಡ ವಿಭಾಗ ಮತ್ತು ಸಂಖ್ಯಾಶಾಸ್ತ್ರ ವಿಭಾಗಗಳ ಅಧ್ಯಾಪಕರು ಒಂದೇ ತರಗತಿಯಲ್ಲಿ ಜೊತೆಯಾಗಿ ಬೋಧಿಸುವ ವ್ಯವಸ್ಥೆ ಅಗತ್ಯ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಗಣನೆಯ ದಿನಾಂಕವಾಗಿ 2025ರ ಜೂನ್‌ನಲ್ಲಿ ಅಧಿಸೂಚಿಸಲಾಗಿದೆ. 2011ರ ನಂತರ ಬರಲಿರುವ ಈ ಮೊದಲ ಗಣತಿಯಲ್ಲಿ ಭಾಷೆಯ ಜೊತೆಗೆ ಜಾತಿಯ ಎಣಿಕೆಯೂ ಸೇರಿದೆ. ಅದರಿಂದ ಹೊರಬರುವ ಕೋಷ್ಟಕಗಳು ಮುಂದಿನ ದಶಕದ ಹಂಚಿಕೆಗಳಿಗೆ ಆಧಾರವಾಗಲಿವೆ. ಮನೆಮಾತಿನ ಕಲಮಿನಲ್ಲಿ ಏನು ಬರೆಯಲಾಯಿತು, ಬೀಗ ಹಾಕಿದ ಮನೆಯ ಎದುರು ಏನು ಬರೆಯಲಾಯಿತು ಎಂಬುದನ್ನು ಕೇಳಬಲ್ಲ ತಲೆಮಾರೊಂದು ಅಷ್ಟರೊಳಗೆ ತರಗತಿಗಳಲ್ಲಿ ಸಿದ್ಧವಾಗಬೇಕಾಗಿದೆ.