ಜಮಾ-ಖರ್ಚಿನ ಶುದ್ಧಿ



ಲೆಕ್ಕ ಬರೆಯುವ ಕೆಲಸವನ್ನು ಒಣ ಉದ್ಯೋಗವೆಂದು ಕಾಣುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಬಾಗೇವಾಡಿಯ ಬಸವಣ್ಣನವರು ರಾಜಕಾರ್ಯವನ್ನು ಪ್ರವೇಶಿಸಿದ್ದು ಇದೇ ಕಾಯಕದ ಮೂಲಕ. ಮಂಗಳವೇಡೆಯಲ್ಲಿ ಕರಣಿಕರಾಗಿ ಸೇರಿದ ಅವರು ಮುಂದೆ ಬಿಜ್ಜಳನ ಭಂಡಾರಿಗಳಾದರು. ಭಂಡಾರದ ಹಣವನ್ನು ಜಂಗಮರಿಗೆ ವ್ಯಯಿಸುತ್ತಾರೆಂಬ ದೂರು ಅರಸನ ಕಿವಿಗೆ ಬಿದ್ದಾಗ, ಭಂಡಾರವನ್ನು ತೆರೆದು ಎಣಿಸಲಾಗಿ ಹಣವು ಕಿಂಚಿತ್ತೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಭಕ್ತರು ಇದನ್ನು ಪವಾಡವೆಂದು ಕೇಳುತ್ತಾರೆ. ಇದರಲ್ಲಿ ಇನ್ನೊಂದು ತತ್ತ್ವವೂ ಅಡಗಿದೆ. ಅಧಿಕಾರದಲ್ಲಿರುವವನು ಲೆಕ್ಕ ಕೇಳಿದವರ ಮೇಲೆ ಕೋಪಿಸಿಕೊಳ್ಳದೆ ಭಂಡಾರದ ಬಾಗಿಲನ್ನು ತೆರೆದು ತೋರಿಸಬೇಕು.

ಈ ಪರಂಪರೆ ನಮ್ಮ ವಿಜಯಪುರದಲ್ಲಿ ಇಪ್ಪತ್ತನೆಯ ಶತಮಾನದಲ್ಲಿಯೂ ಮುಂದುವರಿಯಿತು. ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರು (1880-1964) ವೃತ್ತಿಯಿಂದ ವಕೀಲರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ಅವರೇ ಮುಂದಾದರು. 1920ರ ದಶಕದಲ್ಲಿ ಮುಂಬಯಿ ಶಾಸನ ಸಭೆಯ ಸದಸ್ಯರೂ ಆಗಿದ್ದರು. ಶಾಲೆ, ಬ್ಯಾಂಕು, ಶಾಸನಸಭೆ ಈ ಮೂರೂ ಪರರ ಹಣವನ್ನು ಕಾಯುವ ಸ್ಥಾನಗಳು. ಮೂರರಲ್ಲಿಯೂ ದುಡಿದ ಆ ಮಹನೀಯರು ಹಿತಚಿಂತಕ ಮುದ್ರಣಾಲಯಕ್ಕಾಗಿ ತಮ್ಮ ಸ್ವಂತ ಮನೆಯನ್ನೇ ಮಾರಿ ಕಡೆಯವರೆಗೂ ಬಡತನದಲ್ಲಿ ಬಾಳಿದರು. ಸಾರ್ವಜನಿಕ ಖಾತೆಯಿಂದ ತಮ್ಮ ಖಾತೆಗೆ ಏನೂ ಹರಿದು ಬರಲಿಲ್ಲ. ತಮ್ಮ ಖಾತೆಯಿಂದ ಸಮಾಜಕ್ಕೆ ಹರಿದು ಹೋಯಿತು.

ಶಾಸಕನ ಕೆಲಸದ ಸಾರವೇ ಲೆಕ್ಕ. ಆಯವ್ಯಯ ಪತ್ರವನ್ನು ಓದಿ, ಅನುದಾನಕ್ಕೆ ಒಪ್ಪಿಗೆ ಕೊಟ್ಟು, ಖರ್ಚಾದ ಮೇಲೆ ಮಹಾಲೇಖಪಾಲರ ವರದಿಯನ್ನು ಪರಿಶೀಲಿಸುವುದು ಸದನದ ಕರ್ತವ್ಯ. ಅದಕ್ಕೆಂದೇ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇದೆ. ಕೀರ್ದಿ-ಖಾತೆಗಳನ್ನು ಓದಬಲ್ಲವನು ಅಲ್ಲಿ ಕುಳಿತರೆ ಊರಿಗೆ ಲಾಭ. ಓದಲಾರದವನು ಅಧಿಕಾರಿಗಳು ಹೇಳಿದ್ದಕ್ಕೆ ತಲೆಯಾಡಿಸುವನು.

ತಿಕೋಟಾ ಕ್ಷೇತ್ರವು ಪುನರ್ವಿಂಗಡಣೆಯ ನಂತರ 2008ರಿಂದ ಬಬಲೇಶ್ವರ ಕ್ಷೇತ್ರವಾಯಿತು. ಬರಗಾಲವನ್ನು ಕಂಡುಂಡ ಈ ಸೀಮೆಯ ಜನರಿಗೆ ಕೃಷ್ಣೆಯ ನೀರೇ ದೊಡ್ಡ ಆಸೆ. ಏತ ನೀರಾವರಿಯ ಕಾಲುವೆಗಳಿಗೆ ಕೋಟಿಗಟ್ಟಲೆ ಹಣ ವೆಚ್ಚವಾಗುತ್ತದೆ. ಎಷ್ಟು ಹಣ ಬಂತು, ಎಷ್ಟು ಎಕರೆಗೆ ನೀರು ಹರಿಯಿತು ಎಂದು ಗ್ರಾಮಸ್ಥರು ಕೇಳಬೇಕು. ಕೇಳುವುದು ದ್ವೇಷವಲ್ಲ, ಧರ್ಮ. ಉತ್ತರ ಕೊಡುವುದು ಉಪಕಾರವಲ್ಲ, ಕಾಯಕ.

ಆದರೆ ಕೇಳುವ ಅಧಿಕಾರ ನಮಗೆ ಉಳಿದಿದೆಯೇ? ಜಾತ್ರೆಗೆ ಪಟ್ಟಿ, ಮದುವೆಗೆ ಉಡುಗೊರೆ, ಮತಕ್ಕೆ ನೋಟು ಎಂದು ಕೈಚಾಚಿದವನ ಬಾಯಿಂದ ಲೆಕ್ಕದ ಮಾತು ಹೇಗೆ ಹೊರಟೀತು? ಕೊಟ್ಟವನು ಆ ಹಣವನ್ನು ಎಲ್ಲಿಂದ ಮರಳಿ ಪಡೆಯುವನೆಂಬುದು ನಮಗೆ ತಿಳಿಯದ ಸಂಗತಿಯಲ್ಲ. ಹೊಲಕ್ಕೆ ಬರಬೇಕಾದ ನೀರು ಅಲ್ಲಿಯೇ ನಿಂತುಬಿಡುತ್ತದೆ.

ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಜನಿಸಿ, 2023ರ ಜನವರಿ 2ರಂದು ಲಿಂಗೈಕ್ಯರಾದ ಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮಿಗಳು ತೊಡುತ್ತಿದ್ದ ಅಂಗಿಗೆ ಕಿಸೆ ಇರಲಿಲ್ಲ. ಗೃಹಸ್ಥರಿಗೆ, ಶಾಸಕರಿಗೆ ಕಿಸೆ ಬೇಡವೆನ್ನಲಾಗದು. ಆದರೆ ತನ್ನ ಕಿಸೆ ಯಾವುದು, ಜನರ ಭಂಡಾರ ಯಾವುದು ಎಂಬ ಭೇದವನ್ನು ಅರಿತಿರಬೇಕು.

ತಾಯಂದಿರೇ, ತಂದೆಗಳೇ, ವಾಣಿಜ್ಯ ಶಾಸ್ತ್ರ ಓದುವ ಮಕ್ಕಳಿಗೆ ನೌಕರಿಯ ಮಾತಿನೊಂದಿಗೆ ಇದನ್ನೂ ಹೇಳಿರಿ. ಅವರ ಕೈಗೆ ಮೊದಲು ಮನೆಯ ಜಮಾ-ಖರ್ಚಿನ ಪುಸ್ತಕವನ್ನು ಕೊಡಿರಿ. ಹತ್ತು ರೂಪಾಯಿ ತಪ್ಪಿದರೂ ಹುಡುಕಿಸಿರಿ. ನಾಳೆ ಅವರಲ್ಲೊಬ್ಬರು ಸಂಘದ ಕಾರ್ಯದರ್ಶಿಯಾಗಬಹುದು, ಶಾಸಕರೂ ಆಗಬಹುದು. ಆಗ ಭಂಡಾರ ತೆರೆದು ತೋರಿಸುವ ಧೈರ್ಯ ಅವರಿಗಿರಲಿ. ತೆರೆಯೆಂದು ಕೇಳುವ ಧೈರ್ಯ ನಮಗಿರಲಿ.