‘ಸಕುಟುಂಬ ಸಪರಿವಾರ’ ಎಂದರೆ ಯಾರು?

ನಮ್ಮ ಸಂಘದ ಆಮಂತ್ರಣ ಪತ್ರಿಕೆಯಲ್ಲಿ ಬಹಳ ವರ್ಷಗಳಿಂದ ಒಂದು ವಾಕ್ಯ ಬದಲಾಗದೆ ಉಳಿದಿದೆ. ಯುಗಾದಿಯ ಕೂಟವಿರಲಿ, ಬಸವ ಜಯಂತಿಯಿರಲಿ, ದಾಸರ ಪದಗಳ ಗಾಯನವಿರಲಿ, ನವೆಂಬರದ ರಾಜ್ಯೋತ್ಸವವಿರಲಿ, ‘ತಾವು ಸಕುಟುಂಬ ಸಪರಿವಾರರಾಗಿ ಆಗಮಿಸಿ ಸಮಾರಂಭದ ಶೋಭೆಯನ್ನು ಹೆಚ್ಚಿಸಬೇಕಾಗಿ ವಿನಂತಿ’ ಎಂದೇ ಅದು ಮುಗಿಯುತ್ತದೆ. ಊರು ಬಿಟ್ಟು ಬಂದವರಿಗೆ ಈ ಮಾತಿನ ಬೆಲೆ ಗೊತ್ತು. 1981ರಲ್ಲಿ ನಾನು ಇಂಡಿ ತಾಲೂಕಿನಿಂದ ಒಂದು ಟ್ರಂಕು ಹಿಡಿದು ಸೊಲ್ಲಾಪುರದ ಬಸ್ಸಿನಲ್ಲಿ ಬಂದು ಹಡಪಸರದ ಗಾಡಿತಳದಲ್ಲಿ ಇಳಿದಾಗ ನನಗೆ ಇಲ್ಲಿ ಕುಟುಂಬವೂ ಇರಲಿಲ್ಲ, ಪರಿವಾರವೂ ಇರಲಿಲ್ಲ. ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವರು, ಮದುವೆಯಾದಾಗ ಬಾಡಿಗೆಯ ಕೋಣೆ ಹುಡುಕಿ ಕೊಟ್ಟವರು, ತಂದೆ ತೀರಿಕೊಂಡ ತಂತಿ ಬಂದಾಗ ಬಸ್ಸಿನ ಖರ್ಚಿಗೆ ದುಡ್ಡು ಕೈಯಲ್ಲಿಟ್ಟವರು ಸಂಘದ ಜನವೇ. ಆದುದರಿಂದ ನಾನು ಈ ಲೇಖನವನ್ನು ಸಂಘದ ವೈರಿಯಾಗಿ ಬರೆಯುತ್ತಿಲ್ಲ. ಸಂಘದ ಋಣ ಹೊತ್ತವನಾಗಿ, ಋಣಸ್ಥನಿಗೆ ಇರುವ ಹಕ್ಕಿನಿಂದ, ಸ್ವಲ್ಪ ಕಠಿಣವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇತ್ತೀಚೆಗೆ ಒಬ್ಬ ಸದಸ್ಯೆ ಒಂದು ಸೂಚನೆ ಮಂಡಿಸಿದರು. ನಮ್ಮ ಮನೆಗಳಲ್ಲಿಯೂ ಸಲಿಂಗಪ್ರೇಮಿಗಳಾದ ಮಕ್ಕಳಿದ್ದಾರೆ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಬಯಸುವವರಿದ್ದಾರೆ, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳಬಯಸುವವರಿದ್ದಾರೆ. ಇಂಥವರಿಗಾಗಿ ಮತ್ತು ಇವರ ತಂದೆತಾಯಿಗಳಿಗಾಗಿ ವರ್ಷಕ್ಕೊಂದು ಸಂಜೆಯ ಕಾರ್ಯಕ್ರಮವನ್ನಾದರೂ ಸಂಘ ಇಟ್ಟುಕೊಳ್ಳಲಿ ಎಂದರು. ಐದು ನಿಮಿಷವೂ ಚರ್ಚೆಯಾಗಲಿಲ್ಲ. ‘ನಮ್ಮದು ಕುಟುಂಬಗಳ ಸಂಘ, ಇಂಥದ್ದು ಇಲ್ಲಿ ಬೇಡ’ ಎಂಬ ಉತ್ತರ ಬಂತು. ನಡಾವಳಿ ಪುಸ್ತಕದಲ್ಲಿ ಅದು ದಾಖಲಾಗಲೂ ಇಲ್ಲ. ನಾನು ಅಲ್ಲಿಯೇ ಇದ್ದೆ. ಚಹ ಕುಡಿಯುತ್ತ ಸುಮ್ಮನೆ ಕೂತಿದ್ದೆ.

ಸುಮ್ಮನೆ ಕೂತದ್ದು ನನಗೆ ಹೊಸದಲ್ಲ. ಹೇಳಿಬಿಡುತ್ತೇನೆ. ನಮ್ಮಲ್ಲಿ ಕಲಬುರ್ಗಿ ಕಡೆಯ ಒಬ್ಬ ಹುಡುಗನಿದ್ದ. ಮಗರಪಟ್ಟಾದ ಒಂದು ಕಚೇರಿಯಲ್ಲಿ ಕಂಪ್ಯೂಟರಿನ ಕೆಲಸ. ಸಂಘದ ಕಾರ್ಯಕ್ರಮವೆಂದರೆ ಎಲ್ಲರಿಗಿಂತ ಮೊದಲು ಬಂದು ಮಾವಿನ ತೋರಣ ಕಟ್ಟುವವನು, ಧ್ವನಿವರ್ಧಕ ಸಂಭಾಳಿಸುವವನು, ಕೊನೆಗೆ ಕುರ್ಚಿ ಎಣಿಸಿ ಹೋಗುವವನು ಅವನೇ. ವಧುವರರ ಪರಿಚಯ ಮೇಳಾವದ ಅರ್ಜಿಯನ್ನು ನಾನು ಅವನ ಕೈಗೆ ಮೂರು ಸಲ ಕೊಟ್ಟೆ. ಮೂರನೆಯ ಸಲ ಅವನು ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ‘ಕಾಕಾ, ನನಗ ಹೆಣ್ಣು ನೋಡಬ್ಯಾಡ್ರಿ. ನನ್ನ ಮನಸ್ಸು ಹೆಣ್ಣಿನ ಕಡೆ ಇಲ್ಲ. ತಿಳಿವಳಿಕೆ ಬಂದಾಗಿಂದ ಹಿಂಗ ಅದ’ ಎಂದ. ನಾನು, ‘ಆತು ಬಿಡಪ್ಪಾ. ನನಗ ಹೇಳಿದಿ, ಇಲ್ಲಿಗೇ ಸಾಕು. ಮತ್ತ ಯಾರ ಮುಂದೂ ಬಾಯಿ ಬಿಡಬ್ಯಾಡ’ ಎಂದೆ. ಬಯ್ಯಲಿಲ್ಲವಲ್ಲ, ನಾನು ದೊಡ್ಡ ಮನಸ್ಸಿನವನೆಂದೇ ಅಂದುಕೊಂಡೆ.

ಆ ವರ್ಷದ ರಾಜ್ಯೋತ್ಸವದಲ್ಲಿ ಒಂದು ಪ್ರಹಸನವಿತ್ತು. ಗಂಡಸೊಬ್ಬ ಸೀರೆ ಉಟ್ಟು, ಚಪ್ಪಾಳೆ ತಟ್ಟಿ, ಸೊಂಟ ಕುಣಿಸಿ ದುಡ್ಡು ಕೇಳುವ ದೃಶ್ಯ. ಸಭಾಗೃಹವೆಲ್ಲ ಬಿದ್ದುಬಿದ್ದು ನಕ್ಕಿತು. ನಾನೂ ನಕ್ಕೆ. ಧ್ವನಿವರ್ಧಕದ ಬಳಿ ನಿಂತಿದ್ದ ಆ ಹುಡುಗನ ಕಡೆ ಆಮೇಲೆ ನೋಡಿದೆ. ಅವನು ನಗುತ್ತಿರಲಿಲ್ಲ. ಆ ದಿನವೂ ಕುರ್ಚಿ ಎಣಿಸಿಯೇ ಹೋದ. ಮತ್ತೆ ಬರಲಿಲ್ಲ. ‘ಕುಟುಂಬಗಳ ಸಂಘ’ ಎಂಬ ಮಾತು ಸಭೆಯಲ್ಲಿ ಕೇಳಿದಾಗ ನನಗೆ ಅವನ ನೆನಪಾಯಿತು. ಆ ಹುಡುಗ ಯಾವ ಕುಟುಂಬದವನೂ ಅಲ್ಲವೇ? ಅವನನ್ನು ಹೆತ್ತವಳು ಕನ್ನಡದ ತಾಯಿಯಲ್ಲವೇ?

‘ಇದೆಲ್ಲ ನಮ್ಮ ಸಂಸ್ಕೃತಿಯಲ್ಲ, ಪರದೇಶದಿಂದ ಬಂದದ್ದು’ ಎಂದು ಹೇಳುವವರಿಗೆ ನಾನು ಸವದತ್ತಿಯ ದಾರಿ ತೋರಿಸುತ್ತೇನೆ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಕರ್ನಾಟಕದಿಂದಷ್ಟೇ ಅಲ್ಲ, ಮಹಾರಾಷ್ಟ್ರದಿಂದಲೂ ಜನ ಕಿಕ್ಕಿರಿದು ಹೋಗುತ್ತಾರೆ. ಅಲ್ಲಿ ಜೋಗಪ್ಪಗಳು, ಜೋಗತಿಯರು ಕೊಡ ಹೊತ್ತು, ಚೌಡಿಕೆ ನುಡಿಸಿ ಹಾಡುವುದನ್ನು ಕಾಣದ ಉತ್ತರ ಕರ್ನಾಟಕದವರು ಯಾರಿದ್ದೇವೆ? ಅವರ ಕೈಯಿಂದ ಭಂಡಾರ ಹಚ್ಚಿಸಿಕೊಂಡು ಕೈಮುಗಿದವರು ನಾವೇ. ಆದರೆ ಅದೇ ಜೋಗಪ್ಪ ಮನೆಯ ಪಡಸಾಲೆಗೆ ಬಂದರೆ ಒಳಗೆ ಕರೆದು ಚಾಪೆ ಹಾಸಿದವರೆಷ್ಟು ಮಂದಿ? ಗುಡಿಯಲ್ಲಿ ಕೈಮುಗಿದು ಮನೆಯಲ್ಲಿ ಬಾಗಿಲು ಹಾಕುವುದನ್ನೇ ಸಂಸ್ಕೃತಿ ಎನ್ನುವುದಾದರೆ, ಅಂಥ ಸಂಸ್ಕೃತಿಯ ಬಗ್ಗೆ ಹೆಮ್ಮೆಪಡಲು ಏನೂ ಇಲ್ಲ.

ಬಳ್ಳಾರಿ ಸೀಮೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಕ್ಕೈ ಪದ್ಮಶಾಲಿಯವರಿಗೆ ಕರ್ನಾಟಕ ಸರಕಾರ 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿತು. ಅದೇ ಸರಕಾರ 2021ರಲ್ಲಿ ತನ್ನ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1ರಷ್ಟು ಮೀಸಲಾತಿ ಇಟ್ಟಿತು. ತಾಯ್ನಾಡಿನ ರಾಜ್ಯೋತ್ಸವದಲ್ಲಿ ಶಾಲು ಹೊದಿಸಿಕೊಂಡವರನ್ನು ಹೊರನಾಡಿನ ರಾಜ್ಯೋತ್ಸವದಲ್ಲಿ ಅಣಕಿಸಿ ನಗುವ ನಾವು ಯಾವ ಕರ್ನಾಟಕದ ಪ್ರತಿನಿಧಿಗಳು?

ಸಾಹಿತ್ಯದ ಮಾತೂ ಅಷ್ಟೆ. ಸಂಡೂರಿನ ವಸುಧೇಂದ್ರರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ನೌಕರಿ ಮಾಡಿಕೊಂಡೇ ಕಥೆಗಾರರಾಗಿ ಹೆಸರು ಮಾಡಿದವರು. ತಾವು ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿದವರು. ಅವರ ‘ಮೋಹನಸ್ವಾಮಿ’ ಕಥಾಸಂಕಲನ 2013ರಲ್ಲಿ ಬಂತು. ನಮ್ಮ ಸಂಘದ ಗ್ರಂಥಾಲಯದಲ್ಲಿ ಅವರ ಬೇರೆ ಪುಸ್ತಕಗಳಿವೆ, ಇದೊಂದಿಲ್ಲ. ಮರೆತು ಬಿಟ್ಟದ್ದೆಂದು ನಾನು ನಂಬಲಾರೆ.

‘ಇದೊಂದು ರೋಗ, ಡಾಕ್ಟರರಿಗೆ ತೋರಿಸಬೇಕು’ ಎನ್ನುವವರಿದ್ದಾರೆ. ಡಾಕ್ಟರರು ಏನು ಹೇಳಿದ್ದಾರೆ ಎಂಬುದನ್ನು ಕೇಳಿಸಿಕೊಳ್ಳುವ ತಾಳ್ಮೆ ಮಾತ್ರ ಇವರಿಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದು ರೋಗವಲ್ಲವೆಂದು ಸಾರಿತು. ಮದ್ರಾಸ್ ಹೈಕೋರ್ಟಿನ ಆದೇಶದ ನಂತರ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಇಂಥವರನ್ನು ‘ಸರಿಪಡಿಸುತ್ತೇನೆ’ ಎಂದು ಚಿಕಿತ್ಸೆ ಮಾಡುವುದು ವೈದ್ಯನ ವೃತ್ತಿಗೆ ಸಲ್ಲದ ದುರ್ನಡತೆ ಎಂದು ಹೇಳಿತು. ಇಷ್ಟಾದ ಮೇಲೂ ಮಗನನ್ನು ಊರಿಗೆ ಕರೆದೊಯ್ದು ತಾಯತ ಕಟ್ಟಿಸುವವರು, ಮಾತ್ರೆ ನುಂಗಿಸುವವರು ನಮ್ಮಲ್ಲಿದ್ದಾರೆ.

ಎಲ್ಲಕ್ಕಿಂತ ದೊಡ್ಡ ಔಷಧವೆಂದು ನಾವು ನಂಬಿರುವುದು ಮದುವೆಯನ್ನು. ‘ಒಂದು ಲಗ್ನ ಮಾಡಿದರೆ ಎಲ್ಲಾ ಸರಿಹೋಗುತ್ತದೆ.’ ಈ ಮಾತನ್ನು ಆಡುವವರು ಇನ್ನೊಂದು ಮನೆಯ ಮಗಳ ಬಗ್ಗೆ ಒಂದು ಕ್ಷಣವಾದರೂ ಯೋಚಿಸಿದ್ದಾರೆಯೇ? ಜೇವರ್ಗಿಯಿಂದಲೋ ಸಿಂದಗಿಯಿಂದಲೋ ಒಬ್ಬ ಹುಡುಗಿಯನ್ನು ತಂದು, ಮರಾಠಿಯೂ ಬಾರದ ಅವಳನ್ನು ಹಡಪಸರದ ಹನ್ನೊಂದನೆಯ ಮಹಡಿಯ ಮನೆಯಲ್ಲಿ ಕೂರಿಸಿ, ಗಂಡನ ಮನಸ್ಸು ತನ್ನ ಕಡೆ ಯಾಕಿಲ್ಲವೆಂದು ಜನ್ಮವಿಡೀ ತನ್ನಲ್ಲೇ ತಪ್ಪು ಹುಡುಕಿಕೊಳ್ಳುವಂತೆ ಮಾಡುವುದು ಯಾವ ಧರ್ಮ? ವಧುವರರ ಮೇಳಾವದ ಮೇಜಿನ ಹಿಂದೆ ಹತ್ತು ವರ್ಷ ಕೂತ ನಾನು ಈ ಪಾಪದಲ್ಲಿ ಪಾಲು ಪಡೆದಿದ್ದೇನೆಯೋ ಏನೋ ಎಂಬ ಭಯ ಈಗ ನನ್ನನ್ನು ಕಾಡುತ್ತಿದೆ.

‘ಕಾನೂನು ಬಂದಿದೆಯಲ್ಲ, ಇನ್ನೇನು ಬೇಕು?’ ಎಂಬುದು ಮತ್ತೊಂದು ಪ್ರಶ್ನೆ. ಕಾನೂನು ಕೊಟ್ಟದ್ದೆಷ್ಟು, ನೋಡೋಣ. 2014ರಲ್ಲಿ ಸುಪ್ರೀಂ ಕೋರ್ಟು, ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಎಂದಿತು. 2018ರ ಸೆಪ್ಟೆಂಬರ್ 6ರಂದು, ಬ್ರಿಟಿಷರು 1860ರಲ್ಲಿ ಬರೆದಿಟ್ಟಿದ್ದ 377ನೆಯ ಕಲಮಿನಡಿ ಒಪ್ಪಿತ ವಯಸ್ಕರ ಪ್ರೀತಿ ಅಪರಾಧವಲ್ಲವೆಂದಿತು. ಆದರೆ 2023ರ ಅಕ್ಟೋಬರ್ 17ರಂದು ಇವರ ಮದುವೆಗೆ ಮಾನ್ಯತೆ ಕೊಡಲು ಅದೇ ಕೋರ್ಟು ಒಪ್ಪಲಿಲ್ಲ. ಜೊತೆಯಾಗಿ ಬ್ಯಾಂಕಿನಲ್ಲಿ ಖಾತೆ ತೆರೆಯಲು ಅಡ್ಡಿಯಿಲ್ಲ ಎಂಬಷ್ಟು ಸ್ಪಷ್ಟನೆ 2024ರ ಆಗಸ್ಟಿನಲ್ಲಿ ಸರಕಾರದಿಂದ ಬಂತು. ಅಂದರೆ ಕಾನೂನು ಇವರನ್ನು ಜೈಲಿನ ಭಯದಿಂದ ಬಿಡಿಸಿತು, ಮನೆ ಕಟ್ಟಿಕೊಡಲಿಲ್ಲ. ಮನೆಯವರು ದೂರ ಮಾಡಿದ, ಕಾನೂನು ಕೈಹಿಡಿಯದ ಹುಡುಗ ಆಸ್ಪತ್ರೆಯಲ್ಲಿ ಮಲಗಿದರೆ ‘ನಮ್ಮವನು’ ಎಂದು ಹೋಗಿ ನಿಲ್ಲುವವರು ಯಾರು? ನನಗೆ ಆಗ ಗಂಜಿ ಕಾಯಿಸಿ ಕೊಟ್ಟ ಸಂಘ ಇವನಿಗೆ ಯಾಕೆ ಕೊಡಬಾರದು?

ಪುಣೆಯಲ್ಲಿ ಈ ಕೆಲಸ ಮಾಡುವವರೇ ಇಲ್ಲವೆಂದು ನಾನು ಹೇಳುವುದಿಲ್ಲ. ಬಿಂದುಮಾಧವ ಖಿರೆಯವರು 2002ರಲ್ಲಿ ಇಲ್ಲಿ ‘ಸಮಪಥಿಕ ಟ್ರಸ್ಟ್’ ಸ್ಥಾಪಿಸಿದರು, ಮರಾಠಿಯಲ್ಲಿ ಪುಸ್ತಕಗಳನ್ನು ಬರೆದರು. 2011ರಲ್ಲಿ ಈ ನಗರದಲ್ಲಿ ಇವರ ಮೊದಲ ಮೆರವಣಿಗೆ ಹೊರಟಿತು. ಮರಾಠಿಯ ತಾಯಿಗೆ ತನ್ನ ಭಾಷೆಯಲ್ಲಿ ಓದಲು ನಾಲ್ಕು ಪುಟಗಳಿವೆ, ಕೇಳಲು ನಾಲ್ಕು ಮಾತುಗಳಿವೆ. ನಮ್ಮ ತಾಯಿಗೆ? ಮಗ ಹೊರಗೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಗೆಳೆಯರನ್ನು ಕಂಡುಕೊಳ್ಳಬಹುದು. ಮನೆಗೆ ಬಂದು ಅವ್ವನ ಮುಂದೆ ಕೂತಾಗ ಕನ್ನಡದಲ್ಲಿಯೇ ಹೇಳಬೇಕು. ಆ ಅವ್ವನಿಗೆ ಈ ವಿಷಯವಾಗಿ ತಿಳಿದಿರುವ ಕನ್ನಡದ ಶಬ್ದಗಳು ಯಾವುವು? ಎಲ್ಲವೂ ಬೈಗಳೇ. ಬೈಗಳನ್ನು ಬಿಟ್ಟು ಬೇರೆ ಶಬ್ದಗಳನ್ನು ಅವಳ ಕೈಗೆ ಕೊಡುವ ಕೆಲಸ ಮರಾಠಿಯವರಿಂದ ಆಗದು, ಇಂಗ್ಲಿಷಿನಿಂದ ಆಗದು. ಕನ್ನಡ ಸಂಘವೆಂದು ಹೆಸರಿಟ್ಟುಕೊಂಡ ನಮ್ಮಿಂದಲೇ ಆಗಬೇಕು.

ವಲಸೆ ಹೋದವರಿಗೆ ಎರಡು ಬೇಲಿಗಳಿರುತ್ತವೆ ಎಂಬುದನ್ನು ಸಮುದ್ರದಾಚೆಯ ನಮ್ಮವರು ಬಹಳ ಹಿಂದೆಯೇ ಕಂಡುಕೊಂಡರು. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ 1986ರಲ್ಲಿ ದಕ್ಷಿಣ ಏಷ್ಯಾ ಮೂಲದ ಸಲಿಂಗಪ್ರೇಮಿಗಳಿಗಾಗಿ ‘ತ್ರಿಕೋನ್’ ಎಂಬ ಸಂಸ್ಥೆ ಹುಟ್ಟಿತು. ಬಿಳಿಯರ ನಡುವೆ ತಮ್ಮ ಮನೆಮಾತಿನ ಕಷ್ಟ ತಿಳಿಯುವವರಿಲ್ಲ, ತಮ್ಮವರ ನಡುವೆ ಈ ಕಷ್ಟವನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಎರಡೂ ಕಡೆ ಸಲ್ಲದವರು ತಾವೇ ಒಂದು ಕೂಟ ಕಟ್ಟಿಕೊಂಡರು. ನಮ್ಮ ದೇಶದಲ್ಲಿಯೂ ಇಂಥ ಮಕ್ಕಳ ತಂದೆತಾಯಿಗಳು ‘ಸ್ವೀಕಾರ’ ಎಂಬ ಬಳಗ ಕಟ್ಟಿಕೊಂಡಿದ್ದಾರೆ. 2023ರಲ್ಲಿ ಸುಮಾರು 400 ಮಂದಿ ಹೆತ್ತವರು ಮುಖ್ಯ ನ್ಯಾಯಾಧೀಶರಿಗೆ ಬಹಿರಂಗ ಪತ್ರ ಬರೆದು, ತಮ್ಮ ಮಕ್ಕಳ ಮದುವೆಯನ್ನು ಕಣ್ಣಾರೆ ನೋಡುವ ಆಸೆ ತಿಳಿಸಿದರು. ಅವರೂ ಕುಟುಂಬಸ್ಥರೇ.

ಕೊನೆಯದಾಗಿ, ನಾವು ನಿಂತ ನೆಲದ ಮಾತು. ಇದೇ ಪುಣೆಯಲ್ಲಿ 1863ರಲ್ಲಿ ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ, ಸಮಾಜ ‘ಕೆಟ್ಟವಳು’ ಎಂದು ಹೊರಗಟ್ಟಿದ ವಿಧವೆಯರಿಗೆ ಹೆರಿಗೆಯ ಮನೆ ತೆರೆದರು. ಅಂಥ ಒಬ್ಬ ವಿಧವೆಯ ಮಗನನ್ನೇ ದತ್ತು ತೆಗೆದುಕೊಂಡು ಯಶವಂತನೆಂದು ಕರೆದು ಡಾಕ್ಟರನನ್ನಾಗಿ ಮಾಡಿದರು. 1897ರ ಪ್ಲೇಗಿನಲ್ಲಿ ಆ ಯಶವಂತನ ಚಿಕಿತ್ಸಾಲಯ ನಡೆದದ್ದು ನಮ್ಮ ಹಡಪಸರದ ಸಾಸಾಣೆ ಮಳಾದಲ್ಲಿ. ಮುಂಢವಾದ ದಲಿತ ಕೇರಿಯಿಂದ ರೋಗ ತಗುಲಿದ ಬಾಲಕನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದು, ತಾನೂ ಅದೇ ರೋಗಕ್ಕೆ ಸಿಕ್ಕಿ ಸಾವಿತ್ರಿಬಾಯಿ ಮಾರ್ಚ್ 10ರಂದು ತೀರಿಕೊಂಡರು. ಪುಣೆಯ ಮಹರ್ಷಿ ಕರ್ವೆಯವರ ಮಗ ರಘುನಾಥ ಕರ್ವೆ, ಲೈಂಗಿಕ ವಿಷಯಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಪತ್ರಿಕೆಯಲ್ಲಿ ಉತ್ತರ ಬರೆದು ಕೋರ್ಟಿಗೆ ಹೋಗಬೇಕಾದಾಗ, 1934ರಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಅಂಬೇಡ್ಕರರು. ಮೊಕದ್ದಮೆ ಸೋತಿತು, ಅವರು ಎತ್ತಿದ ಪ್ರಶ್ನೆ ಸಾಯಲಿಲ್ಲ. ಈ ನೆಲದಲ್ಲಿ ಸಾಲ ಮಾಡಿ ಮನೆ ಕೊಂಡಿದ್ದೇವೆ. ಈ ನೆಲದ ಗುಣ ಮಾತ್ರ ನಮಗೆ ಬೇಡವೇ?

ಮುಂಬರುವ ವಾರ್ಷಿಕ ಮಹಾಸಭೆಯಲ್ಲಿ ನಾನು ಐದು ಸೂಚನೆಗಳನ್ನು ಲಿಖಿತವಾಗಿ ಮಂಡಿಸುವವನಿದ್ದೇನೆ. ಆಮಂತ್ರಣ ಪತ್ರಿಕೆಯ ಆ ಹಳೆಯ ವಾಕ್ಯದ ಕೆಳಗೆ, ಸಲಿಂಗಪ್ರೇಮಿಗಳೂ ಲಿಂಗತ್ವ ಅಲ್ಪಸಂಖ್ಯಾತರೂ ಅವರ ಜೊತೆಗಾರರೂ ನಮ್ಮ ಪರಿವಾರದವರೇ ಎಂದು ಒಂದು ಸಾಲು ಅಚ್ಚಾಗಬೇಕು. ತಿಂಗಳಿಗೊಮ್ಮೆ ಒಂದು ಸಂಜೆ, ಇಂಥ ಮಕ್ಕಳ ತಂದೆತಾಯಿಗಳು ಬಂದು ಕನ್ನಡದಲ್ಲಿ ಮನಸ್ಸು ಬಿಚ್ಚಿ ಮಾತನಾಡಲು ಸಂಘದ ಕೋಣೆ ತೆರೆದಿರಬೇಕು. ಅಲ್ಲಿ ಯಾರ ಹೆಸರನ್ನೂ ಬರೆದುಕೊಳ್ಳಕೂಡದು. ವಧುವರರ ಅರ್ಜಿಯನ್ನು ಕೇಳದವರ ಕೈಗೆ ತುರುಕುವುದು ನಿಲ್ಲಬೇಕು. ಇವರನ್ನು ಹೀಯಾಳಿಸುವ ಪ್ರಹಸನ ನಮ್ಮ ವೇದಿಕೆಯ ಮೇಲೆ ಬರಕೂಡದು. ಬರುವ ರಾಜ್ಯೋತ್ಸವಕ್ಕೆ ಒಂದು ಜೋಗತಿ ನೃತ್ಯದ ತಂಡವನ್ನು ಕರೆಸಬೇಕು, ಕುಣಿಸಿ ಕಳಿಸದೆ ನಮ್ಮದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಬೇಕು.

ಈ ಸೂಚನೆಗಳನ್ನು ವಿರೋಧಿಸುವವರು ವಿರೋಧಿಸಲಿ. ಆದರೆ ಈ ಸಲ ಚರ್ಚೆಯಾಗಲಿ, ಕೈ ಎತ್ತಿಸಿ ಮತ ಎಣಿಸಲಿ, ನಡಾವಳಿ ಪುಸ್ತಕದಲ್ಲಿ ಬರೆಯಲಿ. ಸೋತರೆ ಮರುವರ್ಷ ಮತ್ತೆ ತರುತ್ತೇನೆ. ಆ ಹುಡುಗ ಈ ಪತ್ರಿಕೆ ಈಗಲೂ ಓದುತ್ತಾನೋ ಇಲ್ಲವೋ ತಿಳಿಯದು. ಓದಿದರೆ ಅವನಿಗೆ ಒಂದು ಮಾತು: ‘ಯಾರ ಮುಂದೂ ಬಾಯಿ ಬಿಡಬ್ಯಾಡ’ ಎಂದದ್ದು ನನ್ನ ತಪ್ಪು, ತಮ್ಮಾ. ಮಹಾಸಭೆಗೆ ಬಾ. ನಿನ್ನ ಜೊತೆಗಾರ ಇದ್ದರೆ ಅವನನ್ನೂ ಕರೆದುಕೊಂಡು ಬಾ. ಕುರ್ಚಿ ನಾನು ಎಣಿಸುತ್ತೇನೆ.

– ಹಡಪಸರದ ಒಬ್ಬ ಹಳೆಯ ಸದಸ್ಯ